ಆಂಡರ್ಸ್ ಸೆಲ್ಸಿಯಸ್ ಪಂಡಿತನ ಚರಿತ್ರೆ

ನಮ್ಮ ಊರಿನ ಹವೆಯ ವರದಿಯಲ್ಲಿ ಪ್ರತಿದಿನವೂ ಕಾಣಿಸಿಕೊಳ್ಳುವ ಒಂದು ಹೆಸರುಂಟು. ಆ ಹೆಸರಿನ ಮನುಷ್ಯನ ಚರಿತ್ರೆಯನ್ನು ಬಲ್ಲವರು ವಿರಳ. ಆದುದರಿಂದ ಸ್ವೀಡನ್ ದೇಶದ ಆಂಡರ್ಸ್ ಸೆಲ್ಸಿಯಸ್ ಪಂಡಿತನ ಜೀವನವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಕ್ಷೇಪವಾಗಿ ತಿಳಿಸಲು ಇಚ್ಛಿಸುತ್ತೇವೆ.

ಈತನು 1701ನೆಯ ಇಸವಿ ನವೆಂಬರ್ 27ರಂದು ಉಪ್ಸಾಲಾ ನಗರದಲ್ಲಿ ಜನಿಸಿದನು. ತಂದೆಯೂ ಇಬ್ಬರು ತಾತಂದಿರೂ ಗಣಿತ ಖಗೋಳಗಳಲ್ಲಿ ಪಂಡಿತರು. 1730ರಲ್ಲಿ ತಾನೂ ಆ ಊರಿನ ವಿಶ್ವವಿದ್ಯಾನಿಲಯದಲ್ಲಿ ಖಗೋಳಶಾಸ್ತ್ರದ ಪ್ರೊಫೆಸರನಾದನು. 1736ರಲ್ಲಿ ಫ್ರೆಂಚ್ ವಿದ್ವಾಂಸರೊಡನೆ ಲಾಪ್‌ಲ್ಯಾಂಡಿನ ಹಿಮಪ್ರದೇಶಕ್ಕೆ ಹೋಗಿ, ಭೂಮಿಯು ಧ್ರುವಗಳ ಕಡೆ ಚಪ್ಪಟೆಯಾಗಿರುವುದೆಂದು ತೋರಿಸಿಕೊಟ್ಟ ಅಳತೆಯಲ್ಲಿ ಭಾಗಿಯಾದನು.

ಆ ಕಾಲದಲ್ಲಿ ಉಷ್ಣಮಾಪಕಗಳಿಗೆ ಒಂದೇ ಕ್ರಮವಿರಲಿಲ್ಲ. ನೀರು ಹೆಪ್ಪುಗಟ್ಟುವುದು ಫ್ಯಾರನ್‌ಹೀಟನ ಮಾಪಕದಲ್ಲಿ 32, ಕುದಿಯುವುದು 212. ರೋಮರನ ಮಾಪಕದಲ್ಲಿ ಬೇರೆ ಅಂಕಿಗಳು. ಸೆಲ್ಸಿಯಸನು ಕರಗುವ ಹಿಮದಲ್ಲಿ ಉಷ್ಣಮಾಪಕವನ್ನಿಟ್ಟು ಮೇಲಿಂದ ಮೇಲೆ ಪರೀಕ್ಷಿಸಿ, ಆ ಗುರುತು ಎಲ್ಲಿಯೂ ಬದಲಾಗದೆಂದು ಕಂಡನು. ಕುದಿಯುವ ಗುರುತಾದರೋ ಗಾಳಿಯ ಒತ್ತಡವನ್ನು ಅನುಸರಿಸುವುದು. ಸುಮಾರು 3000 ಅಡಿ ಎತ್ತರದಲ್ಲಿರುವ ನಮ್ಮ ಹೆಬ್ಬಾಳದ ಅಡಿಗೆಮನೆಗಳಲ್ಲಿ ನೀರು 100ಕ್ಕೆ ಬದಲಾಗಿ 97ರ ಸುಮಾರಿನಲ್ಲಿಯೇ ಕುದಿಯುವುದಕ್ಕೆ ಇದೇ ಕಾರಣ. ಆದುದರಿಂದ ಒತ್ತಡವನ್ನೂ ಗೊತ್ತುಮಾಡಿ, ಎರಡು ಗುರುತುಗಳ ನಡುವಣ ಅಂತರವನ್ನು 100 ಭಾಗ ಮಾಡಿ 1742ರಲ್ಲಿ ಪ್ರಕಟಿಸಿದನು. ವಿಚಿತ್ರವೇನೆಂದರೆ, ಅವನ ಮಾಪಕದಲ್ಲಿ ಕುದಿಯುವುದು 0, ಹೆಪ್ಪುಗಟ್ಟುವುದು 100!

1744ನೆಯ ಏಪ್ರಿಲ್ 25ರಂದು ಕ್ಷಯರೋಗದಿಂದ, ತನ್ನ 42ನೆಯ ವಯಸ್ಸಿನಲ್ಲಿ, ಈ ಪಂಡಿತನು ಕಾಲವಾದನು. ಬಳಿಕ ಇತರರು ಅಂಕಿಗಳನ್ನು ತಿರುಗಿಸಿ ಈಗಿನ ಕ್ರಮಕ್ಕೆ ತಂದರು. ಸೆಂಟಿಗ್ರೇಡ್ ಎನಿಸಿಕೊಂಡಿದ್ದ ಆ ಮಾಪಕಕ್ಕೆ 1948ರಲ್ಲಿ ಅವನ ಹೆಸರೇ ಅಧಿಕೃತವಾಗಿ ಸಂದಿತು.

ನಮ್ಮ ದೇಶದಲ್ಲಿ 1956ರ ತೂಕ ಅಳತೆಗಳ ಕಾನೂನಿನ ತರುವಾಯ ಹವೆಯ ಲೆಕ್ಕವು ಸೆಲ್ಸಿಯಸಿಗೆ ತಿರುಗಿತು. ಮನೆಗಳಲ್ಲಿ ಜ್ವರದ ಲೆಕ್ಕ ಮಾತ್ರ ಬಹುಮಟ್ಟಿಗೆ ಫ್ಯಾರನ್‌ಹೀಟಿನಲ್ಲಿಯೇ ಉಳಿದಿದೆ. ಇದರಿಂದ ತಾಯಂದಿರಿಗೆ ಎರಡು ಲೆಕ್ಕಗಳೂ ತಿಳಿದಿರಬೇಕು. ಸೆಲ್ಸಿಯಸಿನ 100 ಭಾಗವು ಫ್ಯಾರನ್‌ಹೀಟಿನ 180ಕ್ಕೆ, ಎಂದರೆ 5 ಭಾಗವು 9ಕ್ಕೆ ಸಮ. ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿದರೆ ಫ್ಯಾರನ್‌ಹೀಟ್ ದೊರೆಯುವುದು. 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ ಮರಳಿ ಸೆಲ್ಸಿಯಸ್. 1884ನೆಯ ಜನವರಿ 13ರಂದು ಬೆಂಗಳೂರಿನಲ್ಲಿ ಬಿದ್ದ ಪ್ರಸಿದ್ಧವಾದ ಚಳಿ 7.8 ಸೆಲ್ಸಿಯಸ್, ಲೆಕ್ಕ ಮಾಡಿದರೆ ಫ್ಯಾರನ್‌ಹೀಟಿನಲ್ಲಿ 46.

ದೇಹದ ಸಹಜವಾದ ಶಾಖ 37 ಎಂದರೂ 98.6 ಎಂದರೂ ಒಂದೇ. ಆದರೆ ಮಗುವಿಗೆ 40 ಇದೆಯೆಂದು ಕೇಳಿ, ಅಂಕಿ ಚಿಕ್ಕದೆಂದು ಸುಮ್ಮನಿರುವ ತಾಯಿಯು 104ರ ಜ್ವರವನ್ನು ಅಲಕ್ಷ್ಯ ಮಾಡಿದಂತಾಗುವುದು. ಅಂಕಿಯನ್ನು ಓದುವ ಮೊದಲು ಅದು ಯಾರ ಮಾಪಕದ್ದೆಂದು ನೋಡುವ ಅಭ್ಯಾಸವನ್ನು ನಮ್ಮ ಹುಡುಗಿಯರು ತರಗತಿಯಿಂದ ಮನೆಗೆ ಕೊಂಡೊಯ್ಯಲೆಂದು ಹಾರೈಸುತ್ತೇವೆ.