ರಾಮನಗರದ ಬಂಡೆಗಳಿಗೆ ನಾದ ತುಂಬಿದ ಪಂಚಮ್

ರಾಮನಗರ, ಜ. 4: ರಾಮದೇವರ ಬೆಟ್ಟಕ್ಕೆ ಬರುವ ಪರವೂರಿನವರು ಇಂದಿಗೂ ವಿಚಾರಿಸುವುದು ಗಬ್ಬರ್ ಸಿಂಗ್‌ನ ಅಡಗುದಾಣ ಎಲ್ಲಿತ್ತು ಎಂದು. ಇಲ್ಲಿನ ಹೆಬ್ಬಂಡೆಗಳು ತೆರೆಯ ಮೇಲೆ ಅಷ್ಟೊಂದು ಭಯ ಹುಟ್ಟಿಸಿದ್ದಕ್ಕೆ ಕ್ಯಾಮರಾದಷ್ಟೇ ಸಂಗೀತವೂ ಕಾರಣ. ‘ಶೋಲೆ’ ಚಿತ್ರಕ್ಕೆ ಆ ಸಂಗೀತ ನೀಡಿದ ರಾಹುಲ್ ದೇವ್ ಬರ್ಮನ್ ಅವರು ನಿಧನರಾದದ್ದು 1994ರ ಇದೇ ದಿನ.

ಬರ್ಮನ್ 1939ರ ಜೂನ್ 27ರಂದು ಕೋಲ್ಕತ್ತದಲ್ಲಿ ಜನಿಸಿದರು. ತಂದೆ ಎಸ್.ಡಿ. ಬರ್ಮನ್ ತ್ರಿಪುರಾ ರಾಜಮನೆತನಕ್ಕೆ ಸೇರಿದ ಹೆಸರಾಂತ ಸಂಗೀತ ನಿರ್ದೇಶಕರು. ತಾಯಿ ಮೀರಾ ದೇವ್ ಬರ್ಮನ್ ಗೀತರಚನಕಾರ್ತಿ. ಅಲಿ ಅಕ್ಬರ್ ಖಾನ್ ಅವರಲ್ಲಿ ಸರೋದ್ ಮತ್ತು ಸಾಮತಾ ಪ್ರಸಾದ್ ಅವರಲ್ಲಿ ತಬಲಾ ಕಲಿತ ಬರ್ಮನ್, ಬಳಿಕ ತಂದೆಗೆ ಸಹಾಯಕರಾಗಿ ದುಡಿದರು. ಚಿತ್ರರಂಗ ಅವರನ್ನು ಗುರುತಿಸಿದ್ದು ‘ಪಂಚಮ್’ ಎಂಬ ಅಡ್ಡಹೆಸರಿನಿಂದ.

ಸ್ವತಂತ್ರವಾಗಿ ಸಂಗೀತ ನೀಡಿದ ಮೊದಲ ಚಿತ್ರ 1961ರ ‘ಛೋಟೆ ನವಾಬ್’. ಆದರೆ ಹೆಸರು ತಂದದ್ದು 1966ರ ‘ತೀಸ್ರಿ ಮಂಜಿಲ್’. ಪಶ್ಚಿಮದ ಯುವಜನರನ್ನು ಕುಣಿಸುತ್ತಿದ್ದ ರಾಕ್ ಸಂಗೀತದ ಡ್ರಮ್ಸ್, ಗಿಟಾರ್, ಸ್ಯಾಕ್ಸೊಫೋನ್‌ಗಳನ್ನು ಅವರು ಹಿಂದಿ ಚಿತ್ರಗೀತೆಗೆ ಧಾರಾಳವಾಗಿ ತಂದರು. 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದಲ್ಲಿ ಆಶಾ ಭೋಸ್ಲೆ ಹಾಡಿದ ‘ದಮ್ ಮಾರೋ ದಮ್’ ಗೀತೆಗೆ ಭೂಪಿಂದರ್ ನುಡಿಸಿದ ಎಲೆಕ್ಟ್ರಿಕ್ ಗಿಟಾರ್ ಆ ಪೀಳಿಗೆಯ ಗುರುತಾಯಿತು.

ರಾಮಗಢದ ಸದ್ದು

ರಮೇಶ್ ಸಿಪ್ಪಿ 1973ರ ಅಕ್ಟೋಬರ್‌ನಲ್ಲಿ ರಾಮನಗರದಲ್ಲಿ ಚಿತ್ರೀಕರಣ ಆರಂಭಿಸಿದರು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ಬುಡದಲ್ಲಿ ರಾಮಗಢವೆಂಬ ಊರನ್ನೇ ಕಟ್ಟಿದರು. ಚಿತ್ರೀಕರಣ ನಡೆದದ್ದು ಇಲ್ಲಾದರೂ ಸಂಗೀತ ಸಿದ್ಧವಾದದ್ದು ಮುಂಬೈಯಲ್ಲಿ. ಬಸಂತಿಯ ಟಾಂಗಾ ಓಟಕ್ಕೆ ತಬಲಾ ನುಡಿಸಿದವರು ಬರ್ಮನ್ ಅವರ ಗುರು ಸಾಮತಾ ಪ್ರಸಾದ್ ಅವರೇ. ಜೈ ಪಾತ್ರದ ಮೌನಕ್ಕೆ ದನಿಯಾದ ಮೌತ್ ಆರ್ಗನ್ ಭಾನು ಗುಪ್ತ ಅವರದು. ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಅವರ ಹಾಡೊಂದರ ರಾಗವನ್ನು ಆಧರಿಸಿದ ‘ಮೆಹಬೂಬಾ ಮೆಹಬೂಬಾ’ ಗೀತೆಯನ್ನು ಬರ್ಮನ್ ತಾವೇ ಹಾಡಿದರು. ಅದರ ಆರಂಭದ ವಿಚಿತ್ರ ನಾದ ಬಂದದ್ದು ಬಾಟಲಿಗಳ ಬಾಯಿಗೆ ಊದಿ.

ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಎರಡೂವರೆ ತಿಂಗಳ ಬಳಿಕ, ಅಕ್ಟೋಬರ್ 31ರಂದು, ತಂದೆ ಎಸ್.ಡಿ. ಬರ್ಮನ್ ತೀರಿಕೊಂಡರು.

ಮಾತಿನ ತಟ್ಟೆ

‘ಶೋಲೆ’ಯ ಹಾಡುಗಳ ಎಲ್‌ಪಿ ರೆಕಾರ್ಡ್ ಹೊರತಂದದ್ದು ಪಾಲಿಡಾರ್ ಸಂಸ್ಥೆ. ಕಿಶೋರ್ ಕುಮಾರ್, ಮನ್ನಾ ಡೇ, ಭೂಪಿಂದರ್ ಅವರೊಂದಿಗೆ ಗೀತರಚನಕಾರ ಆನಂದ್ ಬಕ್ಷಿಯವರೂ ಹಾಡಿದ ಕವ್ವಾಲಿಯೊಂದು ಚಿತ್ರದಲ್ಲಿ ಸೇರಲಿಲ್ಲ. ಅದು ಉಳಿದದ್ದು ರೆಕಾರ್ಡ್‌ನಲ್ಲಿ ಮಾತ್ರ. ಆದರೆ ಚಿತ್ರಮಂದಿರದಿಂದ ಹೊರಬಂದವರ ನಾಲಿಗೆಯಲ್ಲಿದ್ದದ್ದು ಹಾಡುಗಳಲ್ಲ, ಸಂಭಾಷಣೆ. ಇದನ್ನರಿತ ಸಂಸ್ಥೆ ಸಂಭಾಷಣೆಯ ರೆಕಾರ್ಡನ್ನೇ ಹೊರತಂದಾಗ ಅದು ಊರೂರಿನ ಧ್ವನಿವರ್ಧಕಗಳಲ್ಲಿ ಮೊಳಗಿತು. ಜನ ಮಾತುಗಳನ್ನು ಕಂಠಪಾಠ ಮಾಡಿದರು. ಆ ಮಾತುಗಳ ಹಿಂದೆ ಮಿಡಿಯುತ್ತಿದ್ದ ಸಂಗೀತ ಯಾರದೆಂದು ವಿಚಾರಿಸಿದವರು ಕಡಿಮೆ. ಆ ವರ್ಷದ ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿ ‘ಜೂಲಿ’ಗಾಗಿ ರಾಜೇಶ್ ರೋಷನ್ ಅವರ ಪಾಲಾಯಿತು.

ಬರ್ಮನ್ ಅವರಿಗೆ ಆ ಗೌರವ ದೊರೆತದ್ದು 1980ರ ದಶಕದಲ್ಲಿ, ‘ಸನಮ್ ತೇರಿ ಕಸಮ್’ ಮತ್ತು ‘ಮಾಸೂಮ್’ ಚಿತ್ರಗಳಿಗೆ. ಅದೇ ದಶಕದ ಉತ್ತರಾರ್ಧದಲ್ಲಿ ಅವಕಾಶಗಳು ಕ್ಷೀಣಿಸಿದವು. ಅವರನ್ನು ಮೆರೆಸಿದ್ದ ನಿರ್ಮಾಪಕರು ಒಬ್ಬೊಬ್ಬರಾಗಿ ಹೊಸಬರತ್ತ ತಿರುಗಿದರು. 1987ರಲ್ಲಿ ಲ್ಯಾಟಿನ್ ಅಮೆರಿಕದ ಹೋಸೆ ಫ್ಲೋರೆಸ್ ಅವರೊಡನೆ ‘ಪ್ಯಾಂಟೆರಾ’ ಎಂಬ ರಾಕ್ ಆಲ್ಬಂ ಹೊರತಂದರು. 1988ರಲ್ಲಿ ಹೃದಯಾಘಾತವಾಗಿ, ಬಳಿಕ ಶಸ್ತ್ರಚಿಕಿತ್ಸೆಗೆ ಒಳಗಾದರು.

ಕೊನೆಗೆ ವಿಧು ವಿನೋದ್ ಚೋಪ್ರಾ ಅವರ ‘1942: ಎ ಲವ್ ಸ್ಟೋರಿ’ ಮತ್ತೆ ಅವರ ಹೆಸರನ್ನು ಎತ್ತಿಹಿಡಿಯಿತು. ಆದರೆ ಚಿತ್ರ ತೆರೆಕಾಣುವ ಮೊದಲೇ, 54ನೆಯ ವಯಸ್ಸಿನಲ್ಲಿ, ಅವರು ಅಗಲಿದ್ದರು. ಮೂರನೆಯ ಫಿಲ್ಮ್‌ಫೇರ್ ಪ್ರಶಸ್ತಿ ಮರಣೋತ್ತರವಾಗಿ ಬಂತು. ಹೊಸ ಸಂಗೀತ ಪ್ರತಿಭೆಗಳಿಗೆ ನೀಡುವ ಫಿಲ್ಮ್‌ಫೇರ್ ಪ್ರಶಸ್ತಿಯೊಂದು 1995ರಿಂದ ಅವರ ಹೆಸರನ್ನು ಹೊತ್ತಿತು.

ಮರಳಿದ ರೆಕಾರ್ಡ್‌ಗಳು

ಕ್ಯಾಸೆಟ್ ಮತ್ತು ಸಿ.ಡಿ.ಗಳ ಭರಾಟೆಯಲ್ಲಿ ಅಟ್ಟ ಸೇರಿದ್ದ ಎಲ್‌ಪಿಗಳಿಗೆ ಈಗ ಮತ್ತೆ ಬೇಡಿಕೆಯಿದೆ. ಹಾರ್ಡ್ ರಾಕ್ ತಂಡ ಲೆಡ್ ಜೆಪ್ಪೆಲಿನ್‌ನ ಹಳೆಯ ಆಲ್ಬಂಗಳು 2014ರಿಂದ ಡೀಲಕ್ಸ್ ಆವೃತ್ತಿಯಲ್ಲಿ ಮರಳಿ ಬಂದವು. ಹಿಂದೆ ಹೊರಬಾರದ ಧ್ವನಿಮುದ್ರಣಗಳೂ ಅವುಗಳಲ್ಲಿ ಸೇರಿದವು. ನಮ್ಮಲ್ಲೂ ಹಳೆಯ ಹಿಂದಿ ಚಿತ್ರಗಳ ರೆಕಾರ್ಡ್‌ಗಳು ಹೊಸದಾಗಿ ಅಚ್ಚಾಗುತ್ತಿದ್ದು, ಬರ್ಮನ್ ಸಂಗೀತದ ಚಿತ್ರಗಳೂ ಅವುಗಳಲ್ಲಿವೆ. 2005ರಲ್ಲಿ ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್ ತಂಡ ಆಶಾ ಭೋಸ್ಲೆ ಅವರೊಡನೆ ಬರ್ಮನ್ ಗೀತೆಗಳದೇ ಆಲ್ಬಂ ಹೊರತಂದಿತು. 2025ರಲ್ಲಿ ಪುನರುಜ್ಜೀವನಗೊಂಡ ‘ಶೋಲೆ’ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶನಗೊಂಡದ್ದು ಜೂನ್ 27ರಂದು, ಬರ್ಮನ್ ಅವರ ಜನ್ಮದಿನದಂದೇ.

ಬದುಕಿದ್ದಾಗ ಅವರಿಗೆ ಬೇಕಾಗಿದ್ದದ್ದು ಇನ್ನೊಂದು ಚಿತ್ರ, ಇನ್ನೊಂದು ಅವಕಾಶ. ಅದು ಕೈಸೇರುವಷ್ಟರಲ್ಲಿ ಕಾಲ ಮಿಂಚಿತ್ತು. ರಾಮಗಢದ ಸೆಟ್ ಅಳಿದಿದೆ, ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿದೆ. ಸೂಜಿ ಇಟ್ಟೊಡನೆ ಆ ಬಂಡೆಗಳನ್ನು ಕಣ್ಣಮುಂದೆ ತರುವ ನಾದ ಮಾತ್ರ ರೆಕಾರ್ಡ್‌ನ ಗೆರೆಗಳಲ್ಲಿ ಹಾಗೆಯೇ ಇದೆ.