ಬೆಳಕನ್ನು ಓದಿದ ರಾಮನ್

ಒಲೆಯ ಇದ್ದಿಲು, ಪೆನ್ಸಿಲಿನ ಕಡ್ಡಿ, ಅರಸರ ಕಿರೀಟದ ವಜ್ರ - ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರು ವಸ್ತುಗಳ ಮೂಲದ್ರವ್ಯ ಒಂದೇ. ಅದು ಇಂಗಾಲ. ಪರಮಾಣುಗಳು ಜೋಡಣೆಗೊಂಡಿರುವ ಬಗೆಯಿಂದಲೇ ವಜ್ರವು ಪಾರದರ್ಶಕವೂ ಅತಿ ಕಠಿನವೂ ಆಗಿದೆ. ಪೆನ್ಸಿಲಿನೊಳಗಿನ ಗ್ರಾಫೈಟು ಕಪ್ಪಾಗಿ, ಮೆದುವಾಗಿ, ವಿದ್ಯುತ್ತನ್ನು ಹರಿಯಗೊಡುವಂತಹುದಾಗಿದೆ. ಕಣ್ಣಿಗೆ ಕಾಣದ ಈ ಜೋಡಣೆಯ ಗುಟ್ಟನ್ನು ಬೆಳಕಿನ ಮೂಲಕವೇ ಅರಿಯುವ ದಾರಿಯನ್ನು ಲೋಕಕ್ಕೆ ತೋರಿದವರು ಚಂದ್ರಶೇಖರ ವೆಂಕಟರಾಮನ್.

ರಾಮನ್ನರು 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಭೌತಶಾಸ್ತ್ರ ಮತ್ತು ಗಣಿತದ ಅಧ್ಯಾಪಕರು; ತಾಯಿ ಪಾರ್ವತಿ ಅಮ್ಮಾಳ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಎಂ. ಎ. ಪದವಿ ಪಡೆದರು. ಅಂದಿನ ದಿನಗಳಲ್ಲಿ ವಿಜ್ಞಾನವನ್ನೇ ನಂಬಿ ಬಾಳುವುದು ಸುಲಭವಾಗಿರಲಿಲ್ಲ. ಆದುದರಿಂದ ಅವರು ಸರಕಾರದ ಹಣಕಾಸು ಇಲಾಖೆಯನ್ನು ಸೇರಿ ಕಲಕತ್ತೆಗೆ ಹೋದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರಗಳು. ಮುಂಜಾನೆ ಮತ್ತು ಸಂಜೆ ಮಹೇಂದ್ರಲಾಲ ಸರಕಾರರು 1876ರಲ್ಲಿ ಕಟ್ಟಿದ್ದ ವಿಜ್ಞಾನ ಸಂಘದ ಪ್ರಯೋಗಶಾಲೆ. ಹೀಗೆ ಹತ್ತು ವರ್ಷಗಳು ಸಂದವು. 1917ರಲ್ಲಿ ಕಲಕತ್ತಾ ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕ ಪದವಿಗೆ ಕರೆದಾಗ, ಹೆಚ್ಚಿನ ಸಂಬಳದ ಅಧಿಕಾರವನ್ನು ತೊರೆದು ಕಡಿಮೆ ಸಂಬಳದ ಆ ಪೀಠವನ್ನು ಸಂತೋಷದಿಂದ ಒಪ್ಪಿಕೊಂಡರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಸೆಳೆಯಿತು. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ಹಲವರು ನಂಬಿದ್ದ ಕಾಲವದು. ನೀರಿನ ಅಣುಗಳೇ ಬೆಳಕನ್ನು ಚದುರಿಸುವುವೆಂದು ರಾಮನ್ನರು ತೋರಿಸಿದರು. ಏಳು ವರ್ಷಗಳ ಕಾಲ ಶಿಷ್ಯರೊಡನೆ ಈ ಜಾಡನ್ನೇ ಹಿಡಿದು ನಡೆದು, ಕೆ. ಎಸ್. ಕೃಷ್ಣನ್ನರ ಸಹಯೋಗದಲ್ಲಿ 1928ನೆಯ ಫೆಬ್ರವರಿ 28ರಂದು ಮಹತ್ತ್ವದ ಶೋಧವೊಂದನ್ನು ಮುಟ್ಟಿದರು. ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿದ್ದಾಗ, ಚದುರಿದ ಬೆಳಕಿನ ಬಹುಭಾಗ ಅದೇ ಬಣ್ಣದ್ದಾಗಿರುತ್ತದೆ. ಆದರೆ ಅತ್ಯಲ್ಪ ಭಾಗ ಬಣ್ಣ ಬದಲಿಸಿ ಹೊರಬರುತ್ತದೆ. ಅಣುಗಳು ಸದಾ ಕಂಪಿಸುತ್ತಿರುತ್ತವೆ. ಬೆಳಕು ಆ ಕಂಪನಕ್ಕೆ ತನ್ನ ಶಕ್ತಿಯ ಒಂದಂಶವನ್ನು ಕೊಡುತ್ತದೆ, ಇಲ್ಲವೆ ಅದರಿಂದ ಪಡೆಯುತ್ತದೆ. ಒಂದೊಂದು ವಸ್ತುವಿನ ಕಂಪನವೂ ಒಂದೊಂದು ಬಗೆಯಾದುದರಿಂದ, ಬದಲಾದ ಬಣ್ಣವನ್ನು ಅಳೆದರೆ ವಸ್ತುವಿನ ಒಳರಚನೆಯೇ ತಿಳಿದುಬರುತ್ತದೆ. ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

1933ರಲ್ಲಿ ರಾಮನ್ನರು ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಅಲ್ಲಿ ಭೌತಶಾಸ್ತ್ರ ವಿಭಾಗವನ್ನು ತೆರೆದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಹಿಟ್ಲರನ ಆಳ್ವಿಕೆಯಲ್ಲಿ ನೆಲೆ ತಪ್ಪಿದ್ದ ಜರ್ಮನಿಯ ಮ್ಯಾಕ್ಸ್ ಬಾರ್ನರನ್ನು ಬೆಂಗಳೂರಿಗೆ ಕರೆಸಿಕೊಂಡು, ಅವರನ್ನು ಇಲ್ಲಿಯೇ ಉಳಿಸಿಕೊಳ್ಳಲು ಯತ್ನಿಸಿದರು. ಅದು ಕೈಗೂಡಲಿಲ್ಲ. ಸಂಸ್ಥೆಯಲ್ಲಿ ಭಿನ್ನಾಭಿಪ್ರಾಯಗಳು ಬೆಳೆದು, 1937ರಲ್ಲಿ ರಾಮನ್ನರು ನಿರ್ದೇಶಕ ಸ್ಥಾನವನ್ನೇ ಬಿಡಬೇಕಾಯಿತು. ಆದರೂ ಅವರು ಊರು ಬಿಡಲಿಲ್ಲ. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ದುಡಿದರು.

ಆ ವರ್ಷಗಳಲ್ಲಿ ಅವರ ಮನಸ್ಸನ್ನು ಸೂರೆಗೊಂಡದ್ದು ವಜ್ರ. ವಜ್ರವು ಚದುರಿಸುವ ಬೆಳಕಿನಲ್ಲಿ ಸೆಂಟಿಮೀಟರಿಗೆ 1332 ಅಲೆಗಳ ಅಂತರದಲ್ಲಿ ಒಂದೇ ಒಂದು ಚೂಪಾದ ಗೆರೆ ಮೂಡುವುದೆಂದು 1930ರ ಹೊತ್ತಿಗೇ ತಿಳಿದಿತ್ತು. ಶುದ್ಧ ಇಂಗಾಲದ ಕಂಪನಗಳನ್ನು ಅರಿಯಲು ಇದಕ್ಕಿಂತ ಸರಳವಾದ ಹರಳು ಮತ್ತೊಂದಿಲ್ಲವೆಂದು ರಾಮನ್ನರು ಬಗೆದರು. ಪನ್ನಾ ಗಣಿಯ ಹರಳುಗಳೂ ಸೇರಿದಂತೆ ನೂರಾರು ವಜ್ರಗಳನ್ನು ಅವರ ಬಳಗ ಪರೀಕ್ಷಿಸಿತು. ಅವರಿಗೆ ಅವು ಒಡವೆಗಳಲ್ಲ, ಓದಬೇಕಾದ ಹೊತ್ತಗೆಗಳು.

ಈ ವಜ್ರವೇ ಅವರನ್ನು ದೊಡ್ಡ ವಿವಾದಕ್ಕೂ ಎಳೆಯಿತು. ಹರಳಿನ ಕಂಪನಗಳು ಬೆರಳೆಣಿಕೆಯಷ್ಟು ನಿಶ್ಚಿತ ಬಗೆಗಳು ಮಾತ್ರ ಎಂಬುದು ರಾಮನ್ನರ ವಾದ. ಅವು ಅವಿಚ್ಛಿನ್ನವಾಗಿ ಹರಡಿಕೊಂಡಿವೆಯೆಂಬುದು ಬಾರ್ನರ ವಾದ. ಒಮ್ಮೆ ತಾವೇ ಆದರಿಸಿ ಕರೆಸಿದ್ದ ವಿದ್ವಾಂಸರೊಡನೆ ರಾಮನ್ನರು ವರ್ಷಗಟ್ಟಲೆ ಸೆಣಸಿದರು. ವಜ್ರದ ಅತಿ ಕ್ಷೀಣವಾದ ಗೆರೆಗಳನ್ನು ಬೆಂಗಳೂರಿನಲ್ಲಿಯೇ ಆರ್. ಎಸ್. ಕೃಷ್ಣನ್ ದಾಖಲಿಸಿದರು, ಎರಡು ಪಕ್ಷದವರೂ ಅವನ್ನು ತಮ್ಮ ಸಾಕ್ಷಿಯೆಂದೇ ಸಾರಿದರು. ಕಾಲಕ್ರಮದಲ್ಲಿ ನ್ಯೂಟ್ರಾನ್ ಪ್ರಯೋಗಗಳು ಬಾರ್ನರ ಸಿದ್ಧಾಂತವನ್ನೇ ಎತ್ತಿಹಿಡಿದವು. ರಾಮನ್ನರು ಕೊನೆಯವರೆಗೂ ಒಪ್ಪಲಿಲ್ಲ. ಅವರನ್ನು ಕಲಕತ್ತೆಯಲ್ಲಿ ಗೆಲ್ಲಿಸಿದ ಛಲವೇ ಇಲ್ಲಿ ಅವರ ದೃಷ್ಟಿಗೆ ಅಡ್ಡಬಂದಿತು. ಆದರೆ ಆ ವಾದದಿಂದಾಗಿ ನಡೆದ ಅಳತೆಗಳು ವ್ಯರ್ಥವಾಗಲಿಲ್ಲ. ಸಿದ್ಧಾಂತ ಬಿದ್ದರೂ ಪ್ರಾಮಾಣಿಕ ಪ್ರಯೋಗ ಉಳಿಯಿತು.

ನಿವೃತ್ತರಾದಾಗ ರಾಮನ್ನರಿಗೆ ಅರುವತ್ತು ವರ್ಷ. ಮೈಸೂರು ಸರಕಾರವು ಅಕಾಡೆಮಿಗೆ ನೀಡಿದ್ದ ನೆಲದಲ್ಲಿ, ಸ್ವಂತ ಉಳಿತಾಯ ಮತ್ತು ದಾನಿಗಳ ನೆರವಿನಿಂದ, ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಅಲ್ಲಿಯೇ ದುಡಿಯತೊಡಗಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿಬಂದಿತು. 1970ನೆಯ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಸಂಸ್ಕಾರ ಆ ಸಂಸ್ಥೆಯ ತೋಟದಲ್ಲಿಯೇ ನಡೆಯಿತು.

ಅದೇ 1970ರಲ್ಲಿ ಅಮೆರಿಕದಲ್ಲಿ ಇಬ್ಬರು ವಿಜ್ಞಾನಿಗಳು ಗ್ರಾಫೈಟಿನ ರಾಮನ್ ಗೆರೆಗಳನ್ನು ವಿವರಿಸಿದರು. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ತೆಳುವಾದ ಪದರ ಪದರವಾಗಿರುತ್ತವೆ. ವಿದ್ಯುತ್ತು ಪದರದ ಗುಂಟ ಸಲೀಸಾಗಿ ಹರಿಯುವುದೆಂದೂ ಪದರದಿಂದ ಪದರಕ್ಕೆ ಹಾಯುವುದು ಬಹು ಕಷ್ಟವೆಂದೂ ರಾಮನ್ನರ ಶಿಷ್ಯ ಕೆ. ಎಸ್. ಕೃಷ್ಣನ್ನರು ಎನ್. ಗಂಗೂಲಿಯವರೊಡನೆ 1939ರಲ್ಲಿಯೇ ತೋರಿಸಿದ್ದರು. 2004ರಲ್ಲಿ ಮ್ಯಾಂಚೆಸ್ಟರಿನ ಗೀಮ್ ಮತ್ತು ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಎಬ್ಬಿಸೆಬ್ಬಿಸಿ ಒಂಟಿ ಪದರವನ್ನು ಬೇರ್ಪಡಿಸಿ, ಅದರಲ್ಲಿ ವಿದ್ಯುತ್ತಿನ ಹರಿವನ್ನು ಅಳೆದರು. ಅದುವೇ ಗ್ರಾಫೀನ್. ಅಂತಹ ಸುಮಾರು ಮೂವತ್ತು ಲಕ್ಷ ಪದರಗಳನ್ನು ಅಡಕಿದರೆ ಒಂದು ಮಿಲಿಮೀಟರ್ ದಪ್ಪವಾದೀತು! ಇಷ್ಟು ತೆಳುವಾದ ಪೊರೆಯಲ್ಲಿ ಪದರ ಒಂದೋ ಎರಡೋ, ಜೋಡಣೆ ಎಲ್ಲಿಯಾದರೂ ಕೆಟ್ಟಿದೆಯೋ ಎಂಬುದನ್ನು, ಪೊರೆಗೆ ಹಾನಿಯಾಗದಂತೆ, ರಾಮನ್ ಗೆರೆಗಳೇ ತಿಳಿಸುತ್ತವೆ.

2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಅವರ ತಂಡವು ಕೇಂಬ್ರಿಜಿನ ವಿಜ್ಞಾನಿಗಳೊಡನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗ್ರಾಫೀನಿಗೆ ವಿದ್ಯುತ್ ಒತ್ತಡ ಕೊಟ್ಟು ಅದರಲ್ಲಿ ಎಲೆಕ್ಟ್ರಾನುಗಳನ್ನು ಹೆಚ್ಚು ಕಡಿಮೆ ಮಾಡಿದಂತೆ, ರಾಮನ್ ಗೆರೆಗಳು ಸ್ಥಾನ ಬದಲಿಸುವುದನ್ನು ಅವರು ಅಳೆದರು. ಅಂದರೆ ಪೊರೆಯೊಳಗಿನ ಎಲೆಕ್ಟ್ರಾನುಗಳ ಲೆಕ್ಕವನ್ನೂ ಚದುರಿದ ಬೆಳಕಿನಿಂದಲೇ ತಿಳಿಯಬಹುದಾಯಿತು. ಈ ಕೆಲಸ ನಡೆದದ್ದು ರಾಮನ್ನರು 1933ರಲ್ಲಿ ತೆರೆದ ಭೌತಶಾಸ್ತ್ರ ವಿಭಾಗದಲ್ಲಿ.