ಎಡ್ವರ್ಡ್ ಸ್ಮಿತ್-ಸ್ಟ್ಯಾನ್ಲಿ, ಡರ್ಬಿಯ 12ನೆಯ ಅರ್ಲ್

ಎಡ್ವರ್ಡ್ ಸ್ಮಿತ್-ಸ್ಟ್ಯಾನ್ಲಿ (1752–1834) ಇಂಗ್ಲೆಂಡಿನ ರಾಜಕಾರಣಿ ಹಾಗೂ ಕುದುರೆ ಪಂದ್ಯಗಳ ಪೋಷಕ. ಮೂರು ವರ್ಷ ವಯಸ್ಸಿನ ಥರೋಬ್ರೆಡ್ ತಳಿಯ ಕುದುರೆಗಳಿಗಾಗಿ ಎಪ್ಸಮ್ ಪಟ್ಟಣದಲ್ಲಿ ನಡೆಯುವ ಡರ್ಬಿ ಪಂದ್ಯಕ್ಕೆ ಈತನ ಪದವಿಯ ಹೆಸರನ್ನೇ ಇಡಲಾಗಿದೆ.

ಆರಂಭಿಕ ಜೀವನ

ಈಟನ್ ಶಾಲೆಯಲ್ಲಿಯೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದ ಈತ 1774ರಲ್ಲಿ ಲ್ಯಾಂಕಾಷೈರ್‌ನಿಂದ ಕಾಮನ್ಸ್ ಸಭೆಗೆ ಆಯ್ಕೆಯಾದನು. ತಂದೆ ಮೊದಲೇ ತೀರಿಕೊಂಡಿದ್ದರಿಂದ 1776ರಲ್ಲಿ ತಾತನ ಮರಣಾನಂತರ ಅರ್ಲ್ ಪದವಿ ಈತನಿಗೆ ಸಂದಿತು.

ಪಂದ್ಯಗಳ ಸ್ಥಾಪನೆ

ಅದುವರೆಗೆ ಬೆಳೆದ ಕುದುರೆಗಳನ್ನು ನಾಲ್ಕು ಮೈಲಿ ದೂರ, ಒಂದೇ ದಿನ ಹಲವು ಸುತ್ತು ಓಡಿಸುವುದು ವಾಡಿಕೆಯಾಗಿತ್ತು. ಎಳೆಯ ಕುದುರೆಗಳ ವೇಗವನ್ನು ಒಂದೇ ಓಟದಲ್ಲಿ ಪರೀಕ್ಷಿಸುವ ಹೊಸ ಪದ್ಧತಿ 1776ರಲ್ಲಿ ಡಾನ್‌ಕ್ಯಾಸ್ಟರ್‌ನಲ್ಲಿ ಮೂರು ವರ್ಷದ ಕುದುರೆಗಳ ಪಂದ್ಯದಿಂದ ಬಲಗೊಂಡಿತು. ಅರ್ಲ್ ಮತ್ತು ಆತನ ಮಿತ್ರರು 1779ರಲ್ಲಿ ಎಪ್ಸಮ್‌ನಲ್ಲಿ ಹೆಣ್ಣು ಕುದುರೆಗಳಿಗೆ ಮಾತ್ರ ಮೀಸಲಾದ ಓಕ್ಸ್ ಪಂದ್ಯವನ್ನು ಆರಂಭಿಸಿದರು. ಆ ಹೆಸರು ಸಮೀಪದಲ್ಲಿದ್ದ ಅರ್ಲ್‌ನ ನಿವಾಸದ್ದು. ಮೊದಲ ಓಕ್ಸ್‌ನಲ್ಲಿ ಆತನ ಬ್ರಿಜೆಟ್ ಎಂಬ ಕುದುರೆಯೇ ಗೆದ್ದಿತು.

ಮರುವರ್ಷ, 1780ರ ಮೇ 4ರಂದು, ಗಂಡು ಹೆಣ್ಣು ಎರಡೂ ಓಡಬಹುದಾದ ಡರ್ಬಿ ಪಂದ್ಯ ಮೊದಲ ಬಾರಿಗೆ ನಡೆಯಿತು. ಓಟದ ದೂರ ಒಂದು ಮೈಲಿ. 1784ರಲ್ಲಿ ಅದನ್ನು ಒಂದೂವರೆ ಮೈಲಿಗೆ ಹೆಚ್ಚಿಸಲಾಯಿತು. ಪಂದ್ಯಕ್ಕೆ ಯಾರ ಹೆಸರಿಡಬೇಕೆಂದು ಅರ್ಲ್ ಹಾಗೂ ಸರ್ ಚಾರ್ಲ್ಸ್ ಬನ್‌ಬರಿ ನಾಣ್ಯ ಚಿಮ್ಮಿದರೆಂದೂ ಅದರಲ್ಲಿ ಅರ್ಲ್ ಗೆದ್ದನೆಂದೂ ದಂತಕಥೆಯಿದೆ. ಆದರೆ ಮೊದಲ ಡರ್ಬಿಯನ್ನು ಗೆದ್ದದ್ದು ಬನ್‌ಬರಿಯ ಡಯೊಮೆಡ್ ಎಂಬ ಕುದುರೆ.

ದಾಂಪತ್ಯ

1774ರಲ್ಲಿ ವಿವಾಹವಾಗಿದ್ದ ಲೇಡಿ ಎಲಿಜಬೆತ್ ಹ್ಯಾಮಿಲ್ಟನ್, ಡಾರ್ಸೆಟ್‌ನ ಡ್ಯೂಕನಲ್ಲಿ ಅನುರಕ್ತಳಾಗಿ ಪತಿಯಿಂದ ದೂರವಾದಳು. ಅರ್ಲ್ ವಿಚ್ಛೇದನ ನೀಡಲಿಲ್ಲ. ಹೀಗಾಗಿ ಆಕೆ ಡ್ಯೂಕನನ್ನು ವರಿಸುವಂತಿರಲಿಲ್ಲ. ಕುಲೀನ ಸಮಾಜದ ಬಾಗಿಲುಗಳೂ ಆಕೆಗೆ ಮುಚ್ಚಿದವು. ಅದೇ ನಿರ್ಧಾರ ಅರ್ಲ್‌ನನ್ನೂ ಕಟ್ಟಿಹಾಕಿತು. ನಟಿ ಎಲಿಜಬೆತ್ ಫ್ಯಾರೆನ್‌ಳನ್ನು ಪ್ರೀತಿಸಿದ ಆತ ವರ್ಷಗಟ್ಟಲೆ ಕಾಯಬೇಕಾಯಿತು. 1797ರ ಮಾರ್ಚ್‌ನಲ್ಲಿ ಪತ್ನಿ ತೀರಿಕೊಂಡಳು. ಏಪ್ರಿಲ್‌ನಲ್ಲಿ ಫ್ಯಾರೆನ್ ತಾನು ಹೆಸರುವಾಸಿಯಾಗಿದ್ದ ಲೇಡಿ ಟೀಜಲ್ ಪಾತ್ರದಲ್ಲಿ ನಟಿಸಿ ರಂಗಭೂಮಿಗೆ ವಿದಾಯ ಹೇಳಿದಳು. ಮೇ 1ರಂದು ಅವರ ವಿವಾಹ ನಡೆಯಿತು. ಅದೇ ನಾಟಕದಲ್ಲಿ ಲೇಡಿ ಟೀಜಲ್‌ಳ ಪತಿಯಾದ ಸರ್ ಪೀಟರ್ ಟೀಜಲ್‌ನ ಹೆಸರು ಹೊತ್ತ ಕುದುರೆ 1787ರಲ್ಲಿ ಅರ್ಲ್‌ಗೆ ಡರ್ಬಿ ವಿಜಯವನ್ನು ತಂದುಕೊಟ್ಟಿತ್ತು. ತನ್ನ ಹೆಸರಿನ ಪಂದ್ಯವನ್ನು ಆತ ಗೆದ್ದದ್ದು ಅದೊಂದೇ ಸಲ.

ಕೊನೆಯ ದಿನಗಳು ಮತ್ತು ಪರಂಪರೆ

ಫ್ಯಾರೆನ್ 1829ರಲ್ಲಿ ನಿಧನಳಾದಳು. ಅರ್ಲ್ 1834ರ ಅಕ್ಟೋಬರ್ 21ರಂದು ಮರಣಹೊಂದಿದನು. ಮೂರು ಬಾರಿ ಬ್ರಿಟನ್ನಿನ ಪ್ರಧಾನಮಂತ್ರಿಯಾದ 14ನೆಯ ಅರ್ಲ್ ಈತನ ಮೊಮ್ಮಗ. ಅಮೆರಿಕದಲ್ಲಿ 1875ರಲ್ಲಿ ಆರಂಭವಾದ ಕೆಂಟಕಿ ಡರ್ಬಿಯಿಂದ ಹಿಡಿದು ಬೆಂಗಳೂರು ಡರ್ಬಿಯವರೆಗೆ, ಈತನ ಪದವಿಯ ಹೆಸರು ಇಂದು ಪ್ರತಿಷ್ಠಿತ ಕುದುರೆ ಪಂದ್ಯವನ್ನು ಸೂಚಿಸುವ ಸಾಮಾನ್ಯ ಪದವಾಗಿದೆ.